ನಾಯಿಯ ಬಾಲವಲ್ಲ, ಕಾಲು ಡೊಂಕಾದಾಗ

ನಾಯಿಯ ಬಾಲದ ಡೊಂಕನ್ನು ಕುರಿತು ನಮ್ಮ ಹಿರಿಯರು ಗಾದೆಯನ್ನೇ ಕಟ್ಟಿಟ್ಟಿದ್ದಾರೆ. ಅದರ ಕಾಲಿನ ಡೊಂಕನ್ನು ಕುರಿತು ಮಾತ್ರ ಏನನ್ನೂ ಹೇಳಿದಂತಿಲ್ಲ. ಊರಿನ ನಾಯಿಗೆ ಕಾಲು ಡೊಂಕಾದರೆ ಅದು ಕುಂಟುತ್ತಲೇ ಬದುಕುತ್ತಿತ್ತು, ಇಲ್ಲವೆ ಒಂದು ದಿನ ಕಾಣದಾಗುತ್ತಿತ್ತು. ಅದಕ್ಕೂ ಒಂದು ಶಸ್ತ್ರಚಿಕಿತ್ಸೆ ಉಂಟೆಂಬ ಯೋಚನೆ ಯಾರಿಗೂ ಬಂದಿರಲಾರದು. ಇಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಬಹುಮಹಡಿ ಕಟ್ಟಡಗಳಲ್ಲಿ ಸಾಯಂಕಾಲ ಲಿಫ್ಟಿನಿಂದ ಇಳಿಯುವ ನಾಯಿಗಳನ್ನು ಎಣಿಸಿದರೆ ಕಾಲ ಎಷ್ಟು ಬದಲಾಗಿದೆಯೆಂಬುದು ತಿಳಿಯುತ್ತದೆ. ಪಾಮರೇನಿಯನ್, ಲ್ಯಾಬ್ರಡಾರ್, ಡ್ಯಾಕ್ಸ್‌ಹಂಡ್, ಬೀದಿಯಿಂದ ತಂದು ಸಾಕಿದ ದೇಶೀ ಮರಿ, ಇವೆಲ್ಲ ಈಗ ಮನೆಯ ಮಂದಿಯೇ. ಅವುಗಳಲ್ಲಿ ಒಂದರ ಕಾಲು ಬೆಳೆಯುವ ವಯಸ್ಸಿನಲ್ಲಿ ಬಾಗತೊಡಗಿದಾಗ ಮನೆಯವರು ಏನು ಮಾಡಬೇಕು, ಇಂದಿನ ವಿಜ್ಞಾನ ಏನು ಮಾಡಬಲ್ಲದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮನುಷ್ಯರ ಆರೋಗ್ಯದ ಲೇಖನಗಳ ನಡುವೆ ನಾಯಿಯ ಕಾಲಿಗೇಕೆ ಸ್ಥಳ ಎಂದು ಕೆಲವು ವಾಚಕರು ಕೇಳಬಹುದು. ನಮ್ಮ ಮೂಳೆಗಳ ಚಿಕಿತ್ಸೆಯಲ್ಲಿ ನಾಯಿಯ ಋಣ ಸಣ್ಣದಲ್ಲ. ರಷ್ಯದ ಕುರ್ಗಾನ್ ಪಟ್ಟಣದ ಡಾ. ಇಲಿಜರೋವ್ ಅವರು ಮೂಳೆಯನ್ನು ಕತ್ತರಿಸಿ, ಉಂಗುರಗಳ ಚೌಕಟ್ಟಿನಲ್ಲಿ ಹಿಡಿದು, ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆದು ಉದ್ದ ಮಾಡುವ ವಿಧಾನವನ್ನು ಜಗತ್ತಿಗೆ ಕೊಟ್ಟರು. ಆ ವಿಧಾನದ ತತ್ತ್ವವನ್ನು ಸಿದ್ಧಪಡಿಸಿದ ಪ್ರಯೋಗಗಳು ನಾಯಿಗಳ ಕಾಲಿನ ಮೂಳೆಯ ಮೇಲೆ ನಡೆದವು. ಅವುಗಳ ವರದಿ 1989ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅಂದು ನಾಯಿಯಿಂದ ಮನುಷ್ಯನಿಗೆ ಬಂದ ವಿದ್ಯೆ ಇಂದು ಮನುಷ್ಯನಿಂದ ನಾಯಿಗೆ ಮರಳುತ್ತಿದೆ.

ಮೊದಲು ಕಾಲು ಏಕೆ ಡೊಂಕಾಗುತ್ತದೆ ಎಂಬುದನ್ನು ನೋಡೋಣ. ನಾಯಿಯ ಮುಂಗಾಲಿನ ಕೆಳಭಾಗದಲ್ಲಿ, ನಮ್ಮ ಮುಂದೋಳಿನಲ್ಲಿರುವಂತೆಯೇ, ಎರಡು ಮೂಳೆಗಳು ಅಕ್ಕಪಕ್ಕದಲ್ಲಿವೆ. ಒಂದರ ಹೆಸರು ರೇಡಿಯಸ್, ಇನ್ನೊಂದರದು ಅಲ್ನಾ. ಮರಿಯ ಮೂಳೆ ತನ್ನ ತುದಿಗಳಲ್ಲಿರುವ ಮೃದ್ವಸ್ಥಿಯ ತೆಳುವಾದ ಪದರಗಳಿಂದ ಉದ್ದವಾಗುತ್ತದೆ. ಇವನ್ನು ಬೆಳವಣಿಗೆಯ ಫಲಕಗಳೆನ್ನೋಣ. ಅಲ್ನಾ ಮೂಳೆಯ ಉದ್ದದ ಶೇಕಡಾ 85ರಷ್ಟು ಬೆಳವಣಿಗೆ ಮಣಿಕಟ್ಟಿನ ಬಳಿಯ ಒಂದೇ ಫಲಕದಿಂದ ಬರುತ್ತದೆ. ಇತರ ಫಲಕಗಳು ಹೆಚ್ಚುಕಡಮೆ ಚಪ್ಪಟೆಯಾಗಿದ್ದರೆ, ನಾಯಿಯಲ್ಲಿ ಇದೊಂದು ಮಾತ್ರ ಲಾಳಿಕೆಯ ಆಕಾರದ್ದು. ಚಪ್ಪಟೆ ಫಲಕವು ಅಡ್ಡ ಪೆಟ್ಟು ಬಿದ್ದಾಗ ಜಾರಿಕೊಂಡು ತಪ್ಪಿಸಿಕೊಳ್ಳಬಹುದು. ಲಾಳಿಕೆಗೆ ಜಾರಲು ಎಡೆಯಿಲ್ಲ. ಪೆಟ್ಟು ಯಾವ ದಿಕ್ಕಿನಿಂದ ಬಂದರೂ ಅದು ಜಜ್ಜಿಹೋಗುತ್ತದೆ. ಜಜ್ಜಿದ ಫಲಕ ಬೆಳೆಯುವುದನ್ನು ನಿಲ್ಲಿಸುತ್ತದೆ.

ಆಗ ಆಗುವುದೇನೆಂದರೆ, ಅಲ್ನಾ ನಿಂತಲ್ಲೇ ನಿಂತಿರುತ್ತದೆ, ರೇಡಿಯಸ್ ಬೆಳೆಯುತ್ತಲೇ ಇರುತ್ತದೆ. ಬಿಲ್ಲಿಗೆ ಹೆದೆಯೇರಿಸಿದಂತೆ ಗಿಡ್ಡ ಮೂಳೆಯು ಉದ್ದ ಮೂಳೆಯನ್ನು ಎಳೆದು ಬಾಗಿಸುತ್ತದೆ. ಕಾಲು ಮುಂದಕ್ಕೆ ಬಾಗಿ, ಪಾದ ಹೊರಕ್ಕೆ ವಾಲಿ, ಜೊತೆಗೆ ತಿರುಚಿಕೊಳ್ಳುತ್ತದೆ. ಮೊಣಕೈಯ ಕೀಲಿನ ಹೊಂದಾಣಿಕೆಯೂ ಕೆಡುತ್ತದೆ. ಕೆಲವೇ ವರ್ಷಗಳಲ್ಲಿ ಅಲ್ಲಿ ಸಂಧಿವಾತ ನೆಲೆಸುತ್ತದೆ. ನಾಯಿಯು ತನ್ನ ಮೈಭಾರದ ಶೇಕಡಾ 60ರಷ್ಟನ್ನು ಮುಂಗಾಲುಗಳ ಮೇಲೆ ಹೊರುವ ಪ್ರಾಣಿಯಾದ್ದರಿಂದ ಇದು ಬರಿಯ ಅಂದದ ಪ್ರಶ್ನೆಯಲ್ಲ. ಇನ್ನು ಹತ್ತು ವರ್ಷ ಅದು ನೋವಿಲ್ಲದೆ ನಡೆಯುವುದೋ ಇಲ್ಲವೋ ಎಂಬ ಪ್ರಶ್ನೆ.

ಈ ರೋಗದ ಕಪಟವೆಂದರೆ ಪೆಟ್ಟು ಬಿದ್ದ ದಿನ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಏನೂ ಕಾಣದಿರುವುದು. ಸೋಫಾದಿಂದಲೋ ಮೆಟ್ಟಿಲಿನಿಂದಲೋ ಬಿದ್ದ ಮರಿ, ಸ್ಕೂಟರು ತಾಕಿದ ಮರಿ, ಎರಡು ದಿನ ಕುಂಟಿ ಸರಿಯಾಗುತ್ತದೆ. ಮೂಳೆ ಮುರಿದಿಲ್ಲವೆಂದು ವೈದ್ಯರೂ ಹೇಳುತ್ತಾರೆ, ಮನೆಯವರು ದೇವರಿಗೆ ಕೈಮುಗಿದು ಮರೆಯುತ್ತಾರೆ. ಮೂರು ನಾಲ್ಕು ವಾರಗಳ ಬಳಿಕ ಪಾದ ಹೊರಕ್ಕೆ ತಿರುಗತೊಡಗುತ್ತದೆ. ಆದುದರಿಂದ ನಾಲ್ಕರಿಂದ ಏಳು ತಿಂಗಳ ನಡುವಿನ, ಅಂದರೆ ರಭಸದಿಂದ ಬೆಳೆಯುತ್ತಿರುವ ಮರಿಯ ಮುಂಗಾಲಿಗೆ ಪೆಟ್ಟು ಬಿದ್ದರೆ, ಕುಂಟು ನಿಂತಿದ್ದರೂ ಎರಡು ಮೂರು ವಾರಗಳ ಅನಂತರ ಮತ್ತೊಮ್ಮೆ ಎರಡೂ ಕಾಲುಗಳ ಚಿತ್ರ ತೆಗೆಯಿಸಬೇಕು. ಈ ಲೇಖನದಿಂದ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ವಾಚಕರು ಇದನ್ನು ನೆನಪಿಡಲಿ. ಏಕೆಂದರೆ ಬೇಗನೆ ಗುರುತಿಸಿದರೆ ಅಲ್ನಾ ಮೂಳೆಯ ಒಂದು ತುಣುಕನ್ನು ತೆಗೆದು, ಆ ಸಂದಿಯಲ್ಲಿ ನಾಯಿಯದೇ ಕೊಬ್ಬಿನ ಚೂರನ್ನಿಟ್ಟು, ಬಿಲ್ಲಿನ ಹೆದೆಯನ್ನು ಸಡಿಲಿಸಿಬಿಡಬಹುದು. ರೇಡಿಯಸ್ ಮತ್ತೆ ನೆಟ್ಟಗೆ ಬೆಳೆಯುವ ಅವಕಾಶವಿರುತ್ತದೆ. ಮುಂದೆ ಹೇಳಲಿರುವ ಯಾವ ಸಾಹಸವೂ ಬೇಕಾಗದೆ ಹೋಗಬಹುದು.

ಆಹಾರದ ಮಾತನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಬರಿಯ ಅನ್ನ ಮತ್ತು ಮಾಂಸದ ಮೇಲೆ ಬೆಳೆದ ಮರಿಗೆ ಸುಣ್ಣಾಂಶ ಸಾಲದೆ ಮೂಳೆ ಮೆತ್ತಗಾಗುತ್ತದೆ. ಮೊಸರನ್ನ ತಿಂದು ಬೆಳೆದ ಮರಿಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಅದೂ ಬೆಳೆಯುವ ಮರಿಗೆ ಪೂರ್ಣಾಹಾರವಲ್ಲ. ಅದಕ್ಕೆ ಹೆದರಿ ಕ್ಯಾಲ್ಸಿಯಂ ಪುಡಿಯನ್ನು ಚಮಚಗಟ್ಟಲೆ ಬೆರೆಸುವುದು ಇನ್ನೂ ಕೆಟ್ಟದ್ದು. ಹಾಲೆಂಡಿನ ಯೂಟ್ರೆಕ್ಟ್ ನಗರದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನವು, ಅಧಿಕ ಕ್ಯಾಲ್ಸಿಯಂ ಮೂಳೆಗಳ ಬೆಳವಣಿಗೆಯನ್ನೇ ಕೆಡಿಸುತ್ತದೆಂದು ತೋರಿಸಿತು. ಮರಿಯನ್ನು ಎಳೆಬಿಸಿಲಿಗೆ ಒಯ್ದರೆ ಡಿ ಜೀವಸತ್ವ ಸಿಗುತ್ತದೆಂಬ ನಂಬಿಕೆಯೂ ಬಹಳ ಮಂದಿಗೆ ಇದೆ. ಮನುಷ್ಯನ ಚರ್ಮದಂತೆ ನಾಯಿಯ ಚರ್ಮ ಬಿಸಿಲಿನಿಂದ ಆ ಸತ್ವವನ್ನು ಸಾಕಷ್ಟು ತಯಾರಿಸಲಾರದು. ಅದು ಆಹಾರದಿಂದಲೇ ಬರಬೇಕು.

ಸಕಾಲ ಮೀರಿಹೋಗಿ ಕಾಲು ಬಾಗಿದ್ದಾಯಿತು, ಬೆಳವಣಿಗೆಯೂ ಮುಗಿದಿತು ಎಂದಿಟ್ಟುಕೊಳ್ಳೋಣ. ಈಗ ಉಳಿದಿರುವ ದಾರಿಯೆಂದರೆ ಬಾಗಿದ ಮೂಳೆಯನ್ನು ಕತ್ತರಿಸಿ, ನೆಟ್ಟಗೆ ಮಾಡಿ, ಲೋಹದ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುವುದು. ಕೇಳಲು ಬಡಗಿಯ ಕೆಲಸದಂತಿದೆ. ಆದರೆ ಬಡಗಿ ತನ್ನ ಮರವನ್ನು ಕೈಯಲ್ಲಿ ಹಿಡಿದು, ಹೊರಳಿಸಿ, ಕಣ್ಣಳತೆ ನೋಡಬಲ್ಲ. ಶಸ್ತ್ರವೈದ್ಯನಿಗೆ ಕಾಣುವುದು ಚರ್ಮ ಮತ್ತು ಮಾಂಸಖಂಡಗಳ ನಡುವಿನ ಒಂದು ಸೀಳಿನಲ್ಲಿ ಮೂಳೆಯ ಕೆಲವು ಅಂಗುಲಗಳು ಮಾತ್ರ. ಬಾಗು ಒಂದು ದಿಕ್ಕಿನದಲ್ಲ: ಮುಂದಕ್ಕೆ, ಹೊರಕ್ಕೆ, ಅದರ ಮೇಲೆ ತಿರುಚು. ಹಿಂದೆ ವೈದ್ಯರು ಕ್ಷ-ಕಿರಣ ಚಿತ್ರದ ಮೇಲೆ ಪಾರದರ್ಶಕ ಕಾಗದವನ್ನಿಟ್ಟು, ಗೆರೆಯೆಳೆದು, ಕೋನಮಾಪಕದಿಂದ ಅಳೆದು, ಕತ್ತರಿಯಿಂದ ಕಾಗದದ ಮೂಳೆಯನ್ನು ಕತ್ತರಿಸಿ ಜೋಡಿಸಿ ನೋಡುತ್ತಿದ್ದರು. ಅದು ಉತ್ತಮ ಕ್ರಮವೇ, ಇಂದಿಗೂ ಅದರಿಂದ ಅನೇಕ ಕಾಲುಗಳು ನೆಟ್ಟಗಾಗುತ್ತವೆ. ಆದರೆ ಚಪ್ಪಟೆ ಕಾಗದವು ತಿರುಚನ್ನು ಹೇಳಲಾರದು. ಮೇಜಿನ ಮೇಲೆ ಲೆಕ್ಕ ಹಾಕಿದ ಕೋನವನ್ನು ರಕ್ತಸಿಕ್ತವಾದ ಮೂಳೆಯ ಮೇಲೆ ಅಷ್ಟೇ ನಿಖರವಾಗಿ ಮೂಡಿಸುವುದು ಬೇರೆಯೇ ಕಷ್ಟ.

ಈ ಎರಡು ತೊಡಕುಗಳನ್ನು ಬಿಡಿಸಿದ್ದು ಎರಡು ಬೇರೆ ಬೇರೆ ಆವಿಷ್ಕಾರಗಳು. ಮೊದಲನೆಯದು ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಇಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಲ್ಲಿ 1971ರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವರಿಗೆ ಕಾರ್ಮಾಕ್ ಅವರೊಂದಿಗೆ ನೊಬೆಲ್ ಪಾರಿತೋಷಕ ಸಂದಿತು. ಯಂತ್ರವು ಕಾಲನ್ನು ಒಂದು ಮಿಲಿಮೀಟರು ಅಥವಾ ಅದಕ್ಕಿಂತ ತೆಳುವಾದ ಹೋಳುಗಳಾಗಿ ಚಿತ್ರಿಸುತ್ತದೆ. ಪ್ರತಿಯೊಂದು ಬಿಂದುವಿಗೂ ಸಾಂದ್ರತೆಯ ಒಂದು ಅಂಕಿ: ನೀರಿಗೆ ಸೊನ್ನೆ, ಗಾಳಿಗೆ ಋಣ 1000, ಮೂಳೆಗೆ ಕೆಲವು ನೂರುಗಳಿಂದ ಸಾವಿರದಾಚೆಗೆ. ಇಷ್ಟಕ್ಕಿಂತ ಹೆಚ್ಚಿನ ಅಂಕಿಗಳನ್ನು ಮಾತ್ರ ಉಳಿಸು ಎಂದರೆ ಗಣಕವು ಮಾಂಸವನ್ನೆಲ್ಲ ಬಿಟ್ಟು ಮೂಳೆಯನ್ನಷ್ಟೇ ಪರದೆಯ ಮೇಲೆ ನಿಲ್ಲಿಸುತ್ತದೆ. ನಾಯಿಗೆ ಅಲುಗಾಡಬೇಡ ಎಂದು ಹೇಳುವಂತಿಲ್ಲವಾದ್ದರಿಂದ ಈ ಸ್ಕ್ಯಾನಿಗೂ ಅರಿವಳಿಕೆ ಅಥವಾ ಗಾಢವಾದ ಮತ್ತಿನ ಮದ್ದು ಬೇಕು.

ಎರಡನೆಯದು ಮೂರು ಆಯಾಮದ ಮುದ್ರಣ. ಜಪಾನಿನ ನಗೋಯದ ಹಿಡಿಯೊ ಕೊಡಮ 1981ರಲ್ಲಿ ಬೆಳಕು ತಾಕಿದರೆ ಗಟ್ಟಿಯಾಗುವ ದ್ರವದಿಂದ ಪದರ ಪದರವಾಗಿ ವಸ್ತುವನ್ನು ಕಟ್ಟುವ ಬಗೆಯನ್ನು ಪ್ರಕಟಿಸಿದರು. ಅಮೆರಿಕದ ಚಾರ್ಲ್ಸ್ ಹಲ್ ತಮ್ಮ ವಿಧಾನಕ್ಕೆ 1986ರಲ್ಲಿ ಹಕ್ಕುಪತ್ರ ಪಡೆದರು. ಅಕ್ಕಿಹಿಟ್ಟಿನ ಶ್ಯಾವಿಗೆಯನ್ನು ಒರಳಿನಿಂದ ಒತ್ತಿ ಸುತ್ತಿನ ಮೇಲೆ ಸುತ್ತು ಬೀಳಿಸುವುದನ್ನು ನೋಡಿದವರಿಗೆ ಇನ್ನೊಂದು ಬಗೆಯ ಮುದ್ರಣ ಥಟ್ಟನೆ ಅರ್ಥವಾದೀತು. ಕಾದ ಪ್ಲಾಸ್ಟಿಕ್ಕಿನ ಎಳೆಯನ್ನು ಹಾಗೆಯೇ ಸುರುಳಿ ಸುರುಳಿಯಾಗಿ ಇಳಿಸಿ ಆಕಾರ ಕಟ್ಟುವುದು ಅದರ ರೀತಿ. ಒಂದೊಂದು ಪದರದ ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸು. ಹೀಗೆ ಪರದೆಯ ಮೇಲಿನ ಮೂಳೆ ಮೇಜಿನ ಮೇಲೆ ಬಂದು ಕೂರುತ್ತದೆ. ವೈದ್ಯನು ಬಡಗಿಯಂತೆ ಅದನ್ನು ಹೊರಳಿಸಿ ನೋಡಬಹುದು, ಒಮ್ಮೆ ಕತ್ತರಿಸಿ ಅಭ್ಯಾಸ ಮಾಡಬಹುದು, ಲೋಹದ ಪಟ್ಟಿಯನ್ನು ಅದರ ಮೈಗೆ ಹೊಂದುವಂತೆ ಮೊದಲೇ ಬಗ್ಗಿಸಿಟ್ಟುಕೊಳ್ಳಬಹುದು.

ಮಾದರಿ ಮೂಳೆಯಿಂದ ಒಂದು ಹೆಜ್ಜೆ ಮುಂದೆ ಹೋದರೆ ಸಿಗುವುದೇ ನಮ್ಮ ವಿಷಯವಾದ ಗೈಡ್, ಎಂದರೆ ಮಾರ್ಗದರ್ಶಕ ಅಚ್ಚು. ಇದನ್ನು ವಿವರಿಸಲು ನಮ್ಮ ಪರಿಸರದಲ್ಲಿ ಕಷ್ಟವೇ ಇಲ್ಲ. ವಾಗ್ಳೆ ಎಸ್ಟೇಟಿನಲ್ಲೋ ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲೋ ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲೋ ದುಡಿದ ಟೂಲ್‌ರೂಮಿನ ಹಿರಿಯರು ‘ಡ್ರಿಲ್ ಜಿಗ್’ ಎಂದ ಮಾತ್ರಕ್ಕೆ ತಲೆಯಾಡಿಸುವರು. ಕೆಲಸದ ವಸ್ತುವಿನ ಮೇಲೆ ಒಂದೇ ರೀತಿಯಲ್ಲಿ ಕೂರುವ, ರಂಧ್ರ ಎಲ್ಲಿ ಯಾವ ಕೋನದಲ್ಲಿ ಬೀಳಬೇಕೋ ಅಲ್ಲೇ ಬೈರಿಗೆಯನ್ನು ಇಳಿಸುವ ಸಾಧನವಲ್ಲವೆ ಅದು? ಶಸ್ತ್ರಕ್ರಿಯೆಯ ಗೈಡ್ ಕೂಡ ಒಂದು ಜಿಗ್. ವ್ಯತ್ಯಾಸವಿಷ್ಟೆ: ಕಾರ್ಖಾನೆಯ ಜಿಗ್ ಒಂದೇ ತೆರನ ಸಾವಿರ ವಸ್ತುಗಳಿಗೆ, ಇದು ಒಂದೇ ನಾಯಿಯ ಒಂದೇ ಕಾಲಿಗೆ, ಒಂದೇ ದಿನಕ್ಕೆ.

ಮೊದಲು ಗಣಕದಲ್ಲಿ ಗುರಿ ಗೊತ್ತುಮಾಡಬೇಕು. ಇನ್ನೊಂದು ಮುಂಗಾಲು ಸರಿಯಾಗಿದ್ದರೆ ಅದರ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಆದರ್ಶವಾಗಿ ಇಟ್ಟುಕೊಳ್ಳುತ್ತಾರೆ. ಎರಡೂ ಬಾಗಿದ್ದರೆ ಆ ತಳಿಯ ನಾಯಿಗಳಿಗೆ ಸಹಜವಾದ ಕೋನಗಳನ್ನು ಆಧರಿಸಬೇಕಾಗುತ್ತದೆ. ತಳಿಯ ಅರಿವು ಇಲ್ಲಿ ಮುಖ್ಯ. ಬಾಗಿಲಕೋಟೆ ಜಿಲ್ಲೆಯ ನಮ್ಮ ಮುಧೋಳ ನಾಯಿ, 2005ರಲ್ಲಿ ಅಂಚೆಚೀಟಿಯ ಗೌರವ ಪಡೆದದ್ದು, ನೀಳವಾದ ನೆಟ್ಟಗಿನ ಕಾಲಿನದು. ಡ್ಯಾಕ್ಸ್‌ಹಂಡ್ ಹುಟ್ಟಿನಿಂದಲೇ ಗಿಡ್ಡ, ಬಾಗುಗಾಲಿನದು. ಅದಕ್ಕೆ ಕಾರಣವಾದ ವಂಶವಾಹಿಯನ್ನು 2009ರಲ್ಲಿ ಗುರುತಿಸಲಾಯಿತು. ಡ್ಯಾಕ್ಸ್‌ಹಂಡನ್ನು ಮುಧೋಳ ಮಾಡಲು ಹೊರಟವನು ಒಳ್ಳೆಯ ಕಾಲನ್ನೂ ಕೆಡಿಸಿಯಾನು.

ಗುರಿ ನಿಂತ ಮೇಲೆ ಎಲ್ಲಿ ಕತ್ತರಿಸಬೇಕು, ಎಷ್ಟು ತಿರುಗಿಸಬೇಕು ಎಂಬುದನ್ನು ಪರದೆಯ ಮೇಲೆ ನಿರ್ಧರಿಸುತ್ತಾರೆ. ಬಳಿಕ ಮೂಳೆಯ ಮೇಲ್ಮೈಯ ಉಬ್ಬುತಗ್ಗುಗಳಿಗೆ ಸರಿಯಾಗಿ ಕಚ್ಚಿಕೊಳ್ಳುವ ಒಳಮೈಯುಳ್ಳ ಒಂದು ತುಂಡನ್ನು ರಚಿಸುತ್ತಾರೆ. ಅದರಲ್ಲಿ ಗರಗಸದ ಅಲಗು ತೂರುವಷ್ಟೇ ಅಗಲದ ಸೀಳು, ಮತ್ತು ಕತ್ತರಿಸುವ ಜಾಗದ ಮೇಲೆ ಎರಡು, ಕೆಳಗೆ ಎರಡು ರಂಧ್ರಗಳು. ಶಸ್ತ್ರಕ್ರಿಯೆಯಲ್ಲಿ ಮೂಳೆಯನ್ನು ಬಿಡಿಸಿ ಈ ಅಚ್ಚನ್ನು ಕೂರಿಸಿ, ರಂಧ್ರಗಳ ಮೂಲಕ ಉಕ್ಕಿನ ಕಡ್ಡಿಗಳನ್ನು ಹೊಡೆದು, ಸೀಳಿನ ಮೂಲಕ ಮೂಳೆಯನ್ನು ಕತ್ತರಿಸುತ್ತಾರೆ. ಇಲ್ಲಿಯೇ ಒಂದು ಚಮತ್ಕಾರವಿದೆ. ಮೇಲಿನ ಕಡ್ಡಿಗಳೂ ಕೆಳಗಿನ ಕಡ್ಡಿಗಳೂ ಡೊಂಕು ಕಾಲಿನಲ್ಲಿ ಬೇರೆ ಬೇರೆ ದಿಕ್ಕಿಗೆ ಚಾಚಿಕೊಂಡಿರುತ್ತವೆ. ಕಾಲು ನೆಟ್ಟಗಾದ ಗಳಿಗೆಯಲ್ಲಿ ನಾಲ್ಕೂ ಸಮಾನಾಂತರವಾಗುವಂತೆ ಅವುಗಳ ಕೋನವನ್ನು ಮೊದಲೇ ಲೆಕ್ಕಹಾಕಿರುತ್ತಾರೆ. ಕತ್ತರಿಸಿದ ಮೇಲೆ ಅಚ್ಚನ್ನು ತೆಗೆದು, ಕಡ್ಡಿಗಳನ್ನು ಹಾಗೆಯೇ ಬಿಟ್ಟು, ಸಮಾನಾಂತರ ರಂಧ್ರಗಳಿರುವ ಎರಡನೆಯ ಅಚ್ಚನ್ನು ಅವುಗಳಿಗೆ ಪೋಣಿಸುತ್ತಾರೆ. ನಾಲ್ಕು ಕಡ್ಡಿಗಳೂ ಅದರೊಳಗೆ ಹೊಕ್ಕವೆಂದರೆ ಮೂಳೆಯ ಎರಡು ತುಂಡುಗಳೂ ಯೋಜನೆಯಂತೆಯೇ ನಿಂತವೆಂದು ಅರ್ಥ. ಬಾಗು, ವಾಲು, ತಿರುಚು ಮೂರೂ ಒಟ್ಟಿಗೆ ತೀರಿದವು. ಆಮೇಲೆ ಲೋಹದ ಪಟ್ಟಿ, ಸ್ಕ್ರೂ, ಹೊಲಿಗೆ.

ಇದೇ ತತ್ತ್ವವನ್ನು ಪುಟ್ಟ ತಳಿಗಳ ಕುತ್ತಿಗೆಯ ಮೊದಲೆರಡು ಕಶೇರುಗಳ ಸಡಿಲಿಕೆಯಲ್ಲಿಯೂ ಬಳಸುತ್ತಾರೆ. ಅಲ್ಲಿ ಸ್ಕ್ರೂ ಹೋಗಬಹುದಾದ ದಾರಿ ಕೆಲವೇ ಮಿಲಿಮೀಟರು, ಪಕ್ಕದಲ್ಲೇ ಮಿದುಳುಬಳ್ಳಿ. ಗೈಡಿನ ಬೆಲೆ ಅಂತಹ ಕಡೆ ನಿಜವಾಗಿ ತಿಳಿಯುತ್ತದೆಂದು ನನ್ನ ಅಭಿಪ್ರಾಯ.

ಆದರೆ ಅಚ್ಚಿನ ಮೇಲೆ ಅತಿಯಾದ ಭರವಸೆಯೂ ಸಲ್ಲದು. ಮಾದರಿ ಮೂಳೆಗಳ ಮೇಲಿನ ಹೋಲಿಕೆಗಳಲ್ಲಿ ಗೈಡ್ ಬಳಸಿದ ಕತ್ತರಿಕೆ ಬರಿಗೈಯದಕ್ಕಿಂತ ಯೋಜನೆಗೆ ಹತ್ತಿರವಾಗಿ ಬಂದಿದೆ, ನಿಜ. ಯೋಜನೆಯೇ ತಪ್ಪಾಗಿದ್ದರೆ ಗೈಡ್ ಆ ತಪ್ಪನ್ನು ಬಹು ನಿಖರವಾಗಿ ನೆರವೇರಿಸಿಕೊಡುತ್ತದೆ. ಮೂಳೆಯ ಮೇಲಿನ ಪೊರೆ ಮತ್ತು ಮಾಂಸದ ಎಳೆಗಳನ್ನು ಚೆನ್ನಾಗಿ ಬಿಡಿಸದಿದ್ದರೆ ಅಚ್ಚು ಕೂತಂತೆ ಕಂಡರೂ ಕೂತಿರುವುದಿಲ್ಲ. ಬಿಡಿಸುವುದು ಹೆಚ್ಚಾದರೆ ಮೂಳೆಯ ರಕ್ತಪೂರೈಕೆಗೆ ಪೆಟ್ಟು. ಮರಿ ಇನ್ನೂ ಬೆಳೆಯುತ್ತಿದ್ದರೆ ಕೆಲವು ವಾರ ಹಳೆಯ ಸ್ಕ್ಯಾನಿನಿಂದ ಮಾಡಿದ ಅಚ್ಚು, ಕಳೆದ ಯುಗಾದಿಗೆ ಹೊಲಿಸಿದ ಅಂಗಿ ಈ ದೀಪಾವಳಿಗೆ ಮಗುವಿಗೆ ಹಿಡಿಯದಿರುವಂತೆ, ಹಿಡಿಯದೆ ಹೋಗುತ್ತದೆ.

ಶುದ್ಧೀಕರಣದ ವಿಷಯ ಇನ್ನೂ ಸೂಕ್ಷ್ಮ. ಆಟೋಕ್ಲೇವ್ ಹಬೆಯ ಉಷ್ಣತೆ 121 ಡಿಗ್ರಿ. ಅಗ್ಗದ ಮುದ್ರಣಯಂತ್ರಗಳಲ್ಲಿ ಬಳಸುವ ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ 60 ಡಿಗ್ರಿಯ ಸುಮಾರಿಗೇ ಮೆತ್ತಗಾಗತೊಡಗುತ್ತದೆ. ಅಂಥ ಅಚ್ಚನ್ನು ಆಟೋಕ್ಲೇವಿಗೆ ಹಾಕಿದರೆ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿ ಹೊರಬರಬಹುದು. ಸೊಟ್ಟ ಕಾಲಿಗೆ ಸೊಟ್ಟ ಅಚ್ಚು! ಅಂತಹವನ್ನು ಎಥಿಲೀನ್ ಆಕ್ಸೈಡ್ ಅನಿಲದಂತಹ ತಣ್ಣನೆಯ ವಿಧಾನದಿಂದ ಶುದ್ಧಗೊಳಿಸಬೇಕು, ಇಲ್ಲವೆ ಉಷ್ಣತೆ ತಾಳುವ ವೈದ್ಯಕೀಯ ರಾಳದಲ್ಲಿ ಮುದ್ರಿಸಬೇಕು. ರಾಳವನ್ನು ಮದ್ಯಸಾರದಲ್ಲಿ ತೊಳೆದು, ನೇರಳಾತೀತ ಬೆಳಕಿನಲ್ಲಿ ಪೂರ್ತಿ ಗಟ್ಟಿಗೊಳಿಸಿರಬೇಕು. ಹಸಿ ರಾಳ ದೇಹಕ್ಕೆ ವಿಷ. ಕತ್ತರಿಸುವಾಗ ತಂಪು ಲವಣಜಲ ಸುರಿಯುತ್ತಲೇ ಇರಬೇಕು, ಏಕೆಂದರೆ 47 ಡಿಗ್ರಿಯ ಬಿಸಿ ಒಂದು ನಿಮಿಷ ತಾಕಿದರೆ ಸಾಕು, ಮೂಳೆ ಮತ್ತೆ ಕೂಡುವ ಶಕ್ತಿ ಕುಂದುತ್ತದೆ. ಸೀಳಿನೊಳಗಿನ ಅಲಗಿಗೆ ನೀರು ತಲಪುವುದು ಸುಲಭವಲ್ಲ.

ಖರ್ಚಿನ ಬಗೆಗೆ ಮನೆಯವರಿಗೆ ಒಂದು ತಪ್ಪು ಕಲ್ಪನೆ ಇರುವುದುಂಟು. ಅಚ್ಚಿಗೆ ಬೇಕಾದ ವಸ್ತು ಕೆಲವು ಗ್ರಾಂ. ಹಣ ಹೋಗುವುದು ಸ್ಕ್ಯಾನಿಗೆ, ಅರಿವಳಿಕೆಗೆ, ಗಣಕದ ಮುಂದೆ ಕೂತು ಯೋಜಿಸುವವರ ದುಡಿಮೆಗೆ. ಎಲ್ಲ ಕಾಲಿಗೂ ಇದು ಬೇಕೆಂದೂ ಇಲ್ಲ. ನೇರವಾಗಿ ಮುರಿದ ಮೂಳೆಯನ್ನು ಕೂಡಿಸಲು ನುರಿತ ಕೈ ಮತ್ತು ಒಳ್ಳೆಯ ಕ್ಷ-ಕಿರಣ ಚಿತ್ರ ಸಾಕು. ಲಾರಿಯಡಿಯಲ್ಲಿ ನುಜ್ಜುಗುಜ್ಜಾದ ಬೀದಿನಾಯಿಯ ಕಾಲನ್ನು ತೆಗೆದುಬಿಡುವುದೇ ಎಷ್ಟೋ ಸಲ ಕರುಣೆಯ ಕೆಲಸ. ಮೂರು ಕಾಲಿನ ನಾಯಿ ನಾವು ಊಹಿಸುವುದಕ್ಕಿಂತ ಚೆನ್ನಾಗಿ ಓಡಾಡುತ್ತದೆ. ಹಲವು ದಿಕ್ಕುಗಳಲ್ಲಿ ಬಾಗಿ ತಿರುಚಿದ ಕಾಲು, ಅದರಲ್ಲೂ ಎರಡೂ ಮುಂಗಾಲುಗಳು ಕೆಟ್ಟಿರುವ ಎಳೆಯ ನಾಯಿ: ಅಚ್ಚಿನ ಶ್ರಮ ಸಾರ್ಥಕವಾಗುವುದು ಇಲ್ಲಿ.

ನಮ್ಮ ಕಡೆಯವರಿಗೆ ಮುಂಬಯಿಯ ಪಶುವೈದ್ಯ ಪರಂಪರೆ ಹತ್ತಿರದಲ್ಲೇ ಇದೆ. ಪರೇಲಿನಲ್ಲಿ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ 1886ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜೂ ಇವೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟಿನ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆಯಿತು. ಊರಿಗೆ ಹೋಗಿಬರುವವರಿಗೆ ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಿಂದ ಇದೆ. ಎಲ್ಲಿಗೆ ಹೋದರೂ ಮನೆಯವರು ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು: ಯೋಜನೆಯನ್ನು ಯಾರು ಮಾಡುತ್ತಾರೆ, ತಾವು ಅದನ್ನು ಸ್ವತಃ ಪರಿಶೀಲಿಸುವಿರಾ? ಸ್ಕ್ಯಾನಿಗೂ ಶಸ್ತ್ರಕ್ರಿಯೆಗೂ ನಡುವೆ ಎಷ್ಟು ದಿನ? ಅಚ್ಚನ್ನು ಯಾವ ವಸ್ತುವಿನಲ್ಲಿ ಮುದ್ರಿಸಿ ಹೇಗೆ ಶುದ್ಧಗೊಳಿಸುವಿರಿ? ಅಚ್ಚು ಆ ದಿನ ಕೂರದೆ ಹೋದರೆ ಅದಿಲ್ಲದೆ ಮುಗಿಸಬಲ್ಲಿರಾ? ಕೊನೆಯ ಪ್ರಶ್ನೆಗೆ ನೆಮ್ಮದಿಯಿಂದ ಹೌದೆನ್ನುವ ವೈದ್ಯರ ಕೈಗೆ ನಾಯಿಯನ್ನು ಒಪ್ಪಿಸಬಹುದು.

ಮನೆಗೆ ಬಂದ ಮೇಲೆ ಆರರಿಂದ ಎಂಟು ವಾರ ನಿರ್ಬಂಧ. ಓಟ, ನೆಗೆತ, ಸೋಫಾ, ಮೆಟ್ಟಿಲು ಯಾವುದೂ ಕೂಡದು. ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೆಯ ಮಾಳಿಗೆಯವರು ದಿನಕ್ಕೆ ಮೂರು ನಾಲ್ಕು ಸಲ ನಾಯಿಯನ್ನು ಎತ್ತಿಕೊಂಡೇ ಇಳಿಯಬೇಕು. ಲ್ಯಾಬ್ರಡಾರಾದರೆ ಇದಕ್ಕೆ ಇಬ್ಬರು ಬೇಕು ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯದು. ನುಣುಪಾದ ಟೈಲ್ಸ್ ನೆಲದ ಮೇಲೆ ಹಳೆಯ ಜಮಖಾನೆ ಹಾಸಿ. ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಪಟ್ಟಿ ಇರಲಿ. ನೋವಿಗೆಂದು ಮನೆಯಲ್ಲಿರುವ ನಮ್ಮ ಮಾತ್ರೆಗಳನ್ನು, ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಇತ್ಯಾದಿ, ಎಂದಿಗೂ ಕೊಡಬಾರದು; ಅವು ನಾಯಿಯ ಜಠರದಲ್ಲಿ ಹುಣ್ಣುಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಆರು ವಾರಕ್ಕೊಮ್ಮೆ ಕ್ಷ-ಕಿರಣ ಚಿತ್ರ ತೆಗೆಯಿಸಿ, ಕತ್ತರಿಸಿದ ಗೆರೆಯ ಮೇಲೆ ಹೊಸ ಮೂಳೆ ಕಟ್ಟಿದೆಯೆಂದು ವೈದ್ಯರು ಹೇಳಿದ ಮೇಲೆಯೇ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಬೇಕು. ಸ್ಕ್ಯಾನಿನ ಮೂಲ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಮುಂದೆಂದಾದರೂ ಇನ್ನೊಂದು ಕಾಲಿನ ಚಿಕಿತ್ಸೆ ಬೇಕಾದರೆ ಅದೇ ಆಧಾರವಾದೀತು.